ಇಳಿತದ ಹೊತ್ತಿನ ಹಾಜರಿ

ಹಿರೇಗುತ್ತಿ
ಗುರುವಾರ, ನವೆಂಬರ್ 13

ಪ್ರೀತಿಯ ಅರ್ಚನಕ್ಕ,

ಫೋನಿರುವಾಗ ಇವಳು ಕಾಗದ ಏಕೆ ಬರೆದಳು ಎಂದು ಹೆದರಬೇಡ. ಫೋನು ಅವ್ವನ ಹತ್ತಿರವೇ ಇರುತ್ತದೆ, ಅವಳಿಗೆ ಕೇಳಿಸದ ಮೂಲೆ ನಮ್ಮ ಮನೆಯಲ್ಲಿಲ್ಲ. ನಾಳೆ ಗಣಪಿ ಚಿಕ್ಕಿ ಭಟ್ಕಳಕ್ಕೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ.

ಮೊದಲು ನಿನಗೆ ಹೇಳಿದ ಸುಳ್ಳು. ಚೌತಿ ಕಳೆದ ವಾರ ಅವ್ವ ಹೊಳೆದಂಡೆಯ ಪಾಚಿಯ ಮೇಲೆ ಜಾರಿ ಬಿದ್ದಳು. ಮೊಣಕಾಲು ಈಗಲೂ ಪೂರ್ತಿ ಮಡಚುವುದಿಲ್ಲ. ನೀನು ಕೇಳಿದಾಗಲೆಲ್ಲ ಹುಷಾರಿದ್ದಾಳೆ ಎಂದೆ. ಬಸುರಿಯಾದ ನೀನು ಬಸ್ಸು ಹತ್ತಿ ಬಂದುಬಿಡುತ್ತೀ ಎಂದು ಅವ್ವ ನನ್ನಿಂದ ಆಣೆ ಹಾಕಿಸಿದ್ದಳು. ಅಪ್ಪ ಬೋಟು ಹತ್ತಿದರೆ ಹತ್ತು ದಿನ ಬರುವುದಿಲ್ಲ. ಹಾಗಾಗಿ ನೀರು ಇಳಿದ ಹೊತ್ತಿಗೆ ಕೆಸರಿನಿಂದ ಬಳಚಿನ ಚಿಪ್ಪು ಹೆಕ್ಕಲು ಈಗ ಅವ್ವನ ಬದಲು ನಾನೇ ಹೊಳೆಗೆ ಇಳಿಯುತ್ತೇನೆ.

ನನ್ನ ಆನ್‌ಲೈನ್ ಕ್ಲಾಸು ಬೆಳಿಗ್ಗೆ ಹತ್ತರಿಂದ ಹನ್ನೆರಡು. ಇಳಿತ ದಿನಕ್ಕೆ ಮುಕ್ಕಾಲು ಗಂಟೆ ತಡವಾಗುತ್ತ ಹೋಗುತ್ತದೆ. ಹದಿನೈದು ದಿನಗಳಲ್ಲಿ ಐದಾರು ದಿನ ಎರಡೂ ಒಂದೇ ಹೊತ್ತಿಗೆ ಬೀಳುತ್ತವೆ. ಆ ದಿನಗಳಲ್ಲಿ ನಾನು ಕ್ಲಾಸು ತೆರೆದು, ಫೋನನ್ನು ಅವ್ವನಿಗೆ ಕೊಟ್ಟು ಹೋಗುತ್ತಿದ್ದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಪರದೆಯ ಮೇಲೆ ‘ಇದ್ದೀರಾ?’ ಎಂದು ಬರುತ್ತದೆ. ನೀಲಿ ಗುಂಡಿ ಒತ್ತದಿದ್ದರೆ ಹಾಜರಿಯಿಲ್ಲ. ಅವ್ವ ಒಮ್ಮೆಯೂ ತಪ್ಪಿಸಲಿಲ್ಲ. ಕಳೆದ ತಿಂಗಳು ನೂರ ಅರವತ್ತು ಜನರಲ್ಲಿ ಪೂರ್ತಿ ಹಾಜರಿ ನನ್ನದೊಂದೇ ಎಂದು ಪಟ್ಟಿ ಹಾಕಿದರು. ನೀನು ಫೋನಿನಲ್ಲಿ ಹೊಗಳಿದೆಯಲ್ಲ, ಅದು ಇದೇ.

ಮೊನ್ನೆ ಮಂಗಳವಾರ ಭೂಗೋಳದ ರಮಾನಂದ ಸರ್ ಉಬ್ಬರ ಇಳಿತದ ಪಾಠ ಮಾಡುತ್ತಿದ್ದರಂತೆ. ನೀರು ದಿನಾ ಏಕೆ ತಡವಾಗಿ ಇಳಿಯುತ್ತದೆ ಎಂದು ಕೇಳಿದರು. ಯಾರೂ ಬಾಯಿಬಿಡಲಿಲ್ಲ. ಈ ಕ್ಲಾಸು ಹೇಗಿರುತ್ತದೆಂದು ನಿನಗೆ ಗೊತ್ತಿಲ್ಲ. ಮುಖಗಳಿರುವುದಿಲ್ಲ, ಕಪ್ಪು ಚೌಕಗಳಲ್ಲಿ ಹೆಸರುಗಳಷ್ಟೇ. ಸರ್ ಮತ್ತೆ ಕೇಳಿದರು. ಮೂರನೇ ಸಲ, ‘ನನ್ನ ಮಾತು ಕೇಳಿಸುತ್ತಿದೆಯೇ?’ ಎಂದರಂತೆ. ಅಷ್ಟಕ್ಕೆ ಅವ್ವ ಮೈಕು ಒತ್ತಿ, “ಚಂದ್ರ ದಿನಾ ತಡ ಮಾಡಿ ಏಳ್ತದೆ ಮಾಸ್ತರ್ರೆ, ನೀರೂ ಹಾಂಗೇ” ಎಂದುಬಿಟ್ಟಳು. ಸರ್‌ಗೆ ಎಷ್ಟು ಖುಷಿಯಾಯಿತೆಂದರೆ ಹೆಸರು ಕೇಳಿದರು. ಅವ್ವ ನನ್ನ ಹೆಸರು ಹೇಳಿದಳು.

ನಾನು ಹೊಳೆಯಿಂದ ಬಂದು ಬಳಚಿನ ಬುಟ್ಟಿ ಇಳಿಸುವ ಮೊದಲೇ ಅವ್ವ ಇದನ್ನೆಲ್ಲ ಹೇಳಿದಳು. ನಾನು ಬೈದೆ. ಅವಳು ತಲೆ ಎತ್ತಲಿಲ್ಲ. “ಮಾಸ್ತರ್ರು ಒಬ್ರೇ ಮಾತಾಡ್ತಾ ಇದ್ರು. ನೋಡುಕೆ ಆಗ್ಲಿಲ್ಲ” ಎಂದಳು.

ಸೋಮವಾರ ಹನ್ನೊಂದಕ್ಕೆ ಮೌಖಿಕ ಪರೀಕ್ಷೆ, ಕ್ಯಾಮೆರಾ ಹಾಕಿಕೊಂಡೇ ಕೂರಬೇಕು. ಮಂಗಳವಾರ ಉತ್ತರ ಕೊಟ್ಟ ಸುಚಿತಾ ಅವರಿಂದಲೇ ಶುರು ಮಾಡೋಣ ಎಂದು ಸರ್ ಎಲ್ಲರಿಗೂ ಸಂದೇಶ ಹಾಕಿದ್ದಾರೆ. ನನ್ನ ಸ್ವರ ಅವ್ವನ ಸ್ವರದ ಹತ್ತಿರಕ್ಕೂ ಬರುವುದಿಲ್ಲ. ಬೇರೆಯವರಿಂದ ಹಾಜರಿ ಹಾಕಿಸಿದರೆ ಸೆಮಿಸ್ಟರೇ ರದ್ದು ಎಂಬ ನಿಯಮವನ್ನು ನಾನೇ ಓದಿ ಒಪ್ಪಿಗೆ ಒತ್ತಿದ್ದೇನೆ.

ಏನು ಮಾಡಲಿ, ನೀನೇ ಹೇಳು. ಶೀತವಾಗಿದೆ ಎಂದು ಗಂಟಲು ಕಟ್ಟಿದವಳಂತೆ ಮಾತಾಡಲೇ? ನೆಟ್‌ವರ್ಕ್ ಇಲ್ಲವೆಂದು ತಪ್ಪಿಸಿಕೊಳ್ಳಲೇ? ನಿನ್ನೆ ಕೊಟ್ಟಿಗೆಯ ಹಿಂದೆ ನಿಂತು ಕೆಮ್ಮುವುದನ್ನು ರೂಢಿ ಮಾಡಿಕೊಂಡೆ. ನಾಚಿಕೆಯಾಯಿತು. ಅವ್ವನಿಗೆ ಆ ನಿಯಮದ ವಿಷಯ ಹೇಳಿಲ್ಲ. ನನ್ನ ಓದು ತನ್ನಿಂದ ಕೆಟ್ಟಿತು ಎಂದು ಅವಳಿಗೆ ಗೊತ್ತಾದರೆ ಆ ಕಾಲಿನಲ್ಲೇ ಹೊಳೆಗೆ ಹೋಗಿಬಿಡುತ್ತಾಳೆ.

ಭಾನುವಾರದೊಳಗೆ ಒಂದು ಫೋನು ಮಾಡು. ಅವ್ವನ ಎದುರು ಮಾತಾಡಲು ಆಗುವುದಿಲ್ಲ. ನೀನು ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುತ್ತೇನೆ, ಅದರಲ್ಲೇ ತಿಳಿದುಕೋ.

ನಿನ್ನ ತಂಗಿ
ಸುಚಿತಾ

ಮರೆತದ್ದು: ಕಾಗದ ಮಡಚುವ ಮೊದಲು, ಪರೀಕ್ಷೆಗೆ ಓದಿಕೊಳ್ಳಬೇಕಲ್ಲ ಎಂದು, ಮಂಗಳವಾರ ಸರ್ ಏನು ಹೇಳಿದರೆಂದು ಅವ್ವನನ್ನೇ ಕೇಳಿದೆ. ಬಳಚು ಬಿಡಿಸುತ್ತ ಅರ್ಧ ಗಂಟೆ ಹೇಳಿದಳು, ಒಂದನ್ನೂ ಬಿಡದೆ. ಕೊನೆಗೆ, “ಅಮಾಸೆಗೆ ಚಂದ್ರನೇ ಕಾಣುದಿಲ್ಲ, ಆದ್ರೂ ನೀರು ಹುಣ್ಣಿಮೆ ಹಾಂಗೇ ಏರ್ತದೆ. ಅದು ಎಂತಕೆ ಅಂತ ಕೇಳುವಷ್ಟರಲ್ಲಿ ಕ್ಲಾಸು ಮುಗ್ದೋತು. ಸೋಮವಾರ ನೀ ಕೇಳು” ಎಂದಳು. ನಾನು ಕೇಳುವುದಿಲ್ಲ ಅಕ್ಕ. ಕ್ಯಾಮೆರಾದ ಎದುರು ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಅವಳೇ ಕೇಳಲಿ.