ಎಡಕ್ಕೊಂದು ಸೂಜಿತೂತು

ಮಾರ್ಚ್ 9, ಸೋಮವಾರ

ಸನ್ಮಾನ್ಯ ಎರಡನೇ ಲೇಖಕರಿಗೆ, ಮೊದಲನೇ ಲೇಖಕಿಯ ನಮಸ್ಕಾರಗಳು.

ಹೀಗೆ ಕರೆದೆನೆಂದು ಮುನಿಸಿಕೊಳ್ಳಬೇಡಿ. ನಾವು ಬೇರೆ ಬೇರೆ ಮನೆ ಮಾಡಿ ಆರು ವರ್ಷವಾಯಿತು. ಈಗ ‘ಪ್ರಿಯ’ ಎಂದು ಬರೆದರೆ ನಿಮಗೆ ಗಾಬರಿ, ‘ಏನೂಂದ್ರೆ’ ಎಂದು ಬರೆದರೆ ನನಗೆ. ಇನ್ನೂ ಒಟ್ಟಿಗಿರುವುದು ಹನ್ನೊಂದು ವರ್ಷದ ಹಿಂದೆ ಇಬ್ಬರೂ ಸೇರಿ ಬರೆದ ಆ ಇಲಿಗಳ ಲೇಖನದ ಶೀರ್ಷಿಕೆಯ ಕೆಳಗೆ ಮಾತ್ರ. ಅಲ್ಲಿ ಹೇಗೆ ನಿಂತಿದ್ದೇವೋ ಹಾಗೇ ಕರೆದಿದ್ದೇನೆ.

ನಾನು ಕ್ಷೇಮ. ನನ್ನ ಮೊಣಕಾಲು ಅಷ್ಟು ಕ್ಷೇಮವಿಲ್ಲ, ಪ್ರಯೋಗಾಲಯವಿರುವ ಮೂರನೇ ಮಹಡಿ ಪ್ರತಿವರ್ಷ ಸ್ವಲ್ಪ ಸ್ವಲ್ಪ ಮೇಲೆ ಹೋಗುತ್ತಿದೆ. ಅತ್ತೆ ಭಾನುವಾರ ತಪ್ಪದೆ ಫೋನ್ ಮಾಡುತ್ತಾರೆ. ಮಗ ಬಿಟ್ಟರೂ ಸೊಸೆಯನ್ನು ಬಿಡುವುದಿಲ್ಲವೆಂದು ಹಟ ಹಿಡಿದಿರುವ ಹಾಗಿದೆ. ನಮ್ಮ ಲೇಖನವನ್ನು ಎರಡು ಸಾವಿರಕ್ಕೂ ಹೆಚ್ಚು ಲೇಖನಗಳು ಉಲ್ಲೇಖಿಸಿವೆ ಎಂದು ಒಮ್ಮೆ ಬಾಯಿ ತಪ್ಪಿ ಅವರಿಗೆ ಹೇಳಿಬಿಟ್ಟೆ. ಅದಕ್ಕವರು, ಅಷ್ಟೊಂದು ಜನ ನಿನ್ನ ಹೆಸರು ಎತ್ತಿದ್ರಲ್ಲಮ್ಮ, ಕಾಲು ಮುರಿದು ಮಲಗಿದ್ದಾಗ ಅವರಲ್ಲೊಬ್ಬರಾದ್ರೂ ಹೇಗಿದೀಯ ಅಂತ ಕೇಳಿದ್ರಾ ಅಂದರು. ಉಲ್ಲೇಖದ ತೂಕವನ್ನು ಇಷ್ಟು ಖಚಿತವಾಗಿ ಅಳೆದವರನ್ನು ನಾನು ಯಾವ ಸಮಿತಿಯಲ್ಲೂ ಕಂಡಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇದೇ ಇಪ್ಪತ್ತಾರಕ್ಕೆ ನಮ್ಮ ಸಂಸ್ಥೆಯ ನಿರ್ದೇಶಕರ ಹುದ್ದೆಗೆ ಸಂದರ್ಶನ. ನಾನೂ ಅರ್ಜಿ ಹಾಕಿದ್ದೇನೆ. ಹನ್ನೆರಡು ಪುಟದ ಅರ್ಜಿಯಲ್ಲಿ ಮನುಷ್ಯಳಾಗಿ ನನಗೆ ಸಿಕ್ಕಿದ್ದು ಅರ್ಧ ಪುಟ, ಉಳಿದದ್ದೆಲ್ಲ ಅಂಕಿ. ಪ್ರಕಟವಾದ ಲೇಖನಗಳು ಅರವತ್ತನಾಲ್ಕು. ಅವುಗಳಿಗೆ ಬಂದ ಉಲ್ಲೇಖಗಳು ನಾಲ್ಕು ಸಾವಿರದ ಎಂಟುನೂರ ಎಪ್ಪತ್ತು. ಎಚ್-ಸೂಚ್ಯಂಕ ಇಪ್ಪತ್ತೇಳು, ಅಂದರೆ ಇಪ್ಪತ್ತೇಳು ಸಲವಾದರೂ ಯಾರಾದರೂ ನೆನೆದ ಲೇಖನಗಳು ಇಪ್ಪತ್ತೇಳು ಇವೆ. ನೀವು ಸಂಶೋಧನೆ ಬಿಟ್ಟು ಪಾಠ ಹೇಳಲು ಹೋದವರು, ಈ ಜಾತಕ ಬರೆಯುವ ಕಷ್ಟ ಮರೆತಿರುತ್ತೀರಿ.

ಆ ನಾಲ್ಕು ಸಾವಿರ ಚಿಲ್ಲರೆಯಲ್ಲಿ ಎರಡು ಸಾವಿರದ ಇನ್ನೂರ ಹದಿಮೂರು ಬಂದಿರುವುದು ನಮ್ಮ ಇಲಿಗಳಿಂದ. ಕಳೆದ ತಿಂಗಳು ಕುತೂಹಲಕ್ಕೆಂದು ಅವುಗಳಲ್ಲಿ ಐವತ್ತನ್ನು ತೆಗೆದು ಓದಿದೆ. ಲೇಖನವನ್ನು ಪೂರ್ತಿ ಓದಿ ಉಲ್ಲೇಖಿಸಿದ ಕುರುಹು ಒಂಬತ್ತರಲ್ಲಿತ್ತು. ಒಬ್ಬರು ನಮ್ಮ ಇಲಿಗಳನ್ನು ಕೋತಿಗಳೆಂದು ಬರೆದಿದ್ದರು. ಅವರ ಲೇಖನ ನೋಡಿ ಬರೆದ ಇನ್ನೂ ನಾಲ್ವರು ಆ ಕೋತಿಗಳನ್ನು ನಿಷ್ಠೆಯಿಂದ ಮುಂದಕ್ಕೆ ದಾಟಿಸಿದ್ದರು. ಕಾರು ನಿಲ್ಲಿಸಿದ ಜಾಗವನ್ನು ಜನ ಏಕೆ ಮರೆಯುತ್ತಾರೆ ಎಂಬ ಲೇಖನವೊಂದು ನಮ್ಮನ್ನು ಎರಡು ಸಲ ನೆನೆದಿತ್ತು. ಎಲ್ಲರೂ ಎತ್ತಿಕೊಂಡದ್ದು ಒಂದೇ ವಾಕ್ಯ: ಕಲಿತ ದಾರಿಯ ನೆನಪು ಇಲಿಯ ಮೆದುಳಿನ ಬಲಭಾಗದಲ್ಲೇ ಹೆಚ್ಚು.

ಅದು ಬಲಭಾಗವಲ್ಲ. ಎಡಭಾಗ.

ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ, ಹೇಳುತ್ತೇನೆ. ಬೇರೊಂದು ಪ್ರಯೋಗಾಲಯದ ಸಂಶೋಧಕಿಯೊಬ್ಬಳು ನನಗೆ ಪತ್ರ ಬರೆದಳು. ನಮ್ಮದೇ ಪ್ರಯೋಗವನ್ನು ಮೂರು ವರ್ಷದಿಂದ ಮಾಡುತ್ತಿದ್ದಾಳೆ, ಪ್ರತಿ ಸಲವೂ ಎಡಕ್ಕೇ ಬರುತ್ತದೆ. ಅವಳ ಮಾರ್ಗದರ್ಶಕರು, ಎರಡು ಸಾವಿರ ಜನ ತಪ್ಪು, ನೀನೊಬ್ಬಳು ಸರಿ ಅಂತೀಯೇನಮ್ಮ, ಕೈ ನೆಟ್ಟಗಿಟ್ಟುಕೊಂಡು ಮತ್ತೆ ಮಾಡು ಎಂದರಂತೆ. ಅವಳು ಮತ್ತೆ ಮಾಡಿದಳು. ಜೂನ್‌ಗೆ ಅವಳ ಅವಧಿ ಮುಗಿಯುತ್ತದೆ, ಹೆಸರಿಗೆ ಒಂದು ಲೇಖನವೂ ಇಲ್ಲ. ಮೇಡಂ, ನನ್ನ ಕೈಯಲ್ಲೇ ದೋಷವಿದ್ದರೆ ಹೇಳಿಬಿಡಿ, ಈ ಕೆಲಸ ಬಿಟ್ಟುಬಿಡುತ್ತೇನೆ ಎಂದು ಬರೆದಿದ್ದಳು.

ಕಳೆದ ವಾರ ಆ ಪತ್ರ ಓದಿದ ಮೇಲೆ ಹಳೆಯ ಕಪಾಟು ತೆಗೆದೆ. ಮೆದುಳಿನ ಚೂರು ಅಂಟಿಸಿದ ಗಾಜುಪಟ್ಟಿಗಳ ಪೆಟ್ಟಿಗೆಯೂ ನಿಮ್ಮ ನೀಲಿ ರಟ್ಟಿನ ನೋಟುಬುಕ್ಕೂ ಅಲ್ಲೇ ಇದ್ದವು. ನಿಮಗೆ ನೆನಪಿರಬೇಕು, ಇಲಿಯ ಮೆದುಳನ್ನು ತೆಳ್ಳಗೆ ಹೆಚ್ಚಿದ ಮೇಲೆ ಯಾವುದು ಎಡ, ಯಾವುದು ಬಲ ಎಂದು ದೇವರಿಗೂ ತಿಳಿಯುವುದಿಲ್ಲ. ಅದಕ್ಕೇ ಹೆಚ್ಚುವ ಮೊದಲು ಒಂದು ಕಡೆಗೆ ಸೂಜಿಯಿಂದ ತೂತು ಮಾಡುತ್ತೇವೆ. ತೂತು ಚುಚ್ಚಿ ಹೆಚ್ಚುವುದು ನಿಮ್ಮ ಕೆಲಸ, ಮೈಕ್ರೋಸ್ಕೋಪಿನಡಿ ಜೀವಕೋಶ ಎಣಿಸುವುದು ನನ್ನದು. ನಿಮ್ಮ ನೋಟುಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ಮುದ್ದಾದ ಅಕ್ಷರದಲ್ಲಿದೆ: ತೂತು ಎಡಕ್ಕೆ. ನನ್ನ ಎಣಿಕೆಪಟ್ಟಿಯ ನೆತ್ತಿಯ ಮೇಲೆ ನನ್ನ ಕಾಗೆಕಾಲು ಅಕ್ಷರದಲ್ಲಿದೆ: ತೂತಿದ್ದರೆ ಬಲ. ನಿಮ್ಮ ಗುರುಗಳು ನಿಮಗೆ ಎಡ ಕಲಿಸಿದ್ದರು, ನನ್ನ ಗುರುಗಳು ನನಗೆ ಬಲ. ಇಬ್ಬರೂ ಗುರುಭಕ್ತರು.

ಒಂದೇ ಮೇಜಿನ ಆ ತುದಿಗೆ ನೀವು, ಈ ತುದಿಗೆ ನಾನು. ಕೇಳಿದ್ದರೆ ಎರಡು ಸೆಕೆಂಡಿನ ಮಾತು. ಆದರೆ ಆ ಮೂರು ವಾರ ನಾವು ಮಾತು ಬಿಟ್ಟಿದ್ದೆವು. ಯಾಕೆಂದು ಹೇಳಿದರೆ ಇಲಿಗಳೂ ನಕ್ಕಾವು: ಲೇಖನದಲ್ಲಿ ಯಾರ ಹೆಸರು ಮೊದಲು ಬರಬೇಕೆಂಬ ಜಗಳ. ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ ಸಂಸಾರ ನಡೆಸಿದೆವು. ಹಾಲು ಮುಗಿದಿದೆ. ಗ್ಯಾಸ್ ಬುಕ್ ಮಾಡಿ. ನಿಮ್ಮ ತಾಯಿ ಫೋನ್ ಮಾಡಿದ್ದರು. ಎಷ್ಟೊಂದು ಚೀಟಿ ಬರೆದೆವು, ತೂತು ಯಾವ ಕಡೆಗೆಂದು ಒಬ್ಬರಾದರೂ ಒಂದು ಚೀಟಿ ಅಂಟಿಸಲಿಲ್ಲ. ನಾಲ್ಕನೇ ವಾರ ನೀವು, ಏನಾದ್ರೂ ಬರ್ಕೋ ಮಾರಾಯ್ತಿ ಎಂದು ಬಿಟ್ಟುಕೊಟ್ಟಿರಿ. ಗೆದ್ದೆನೆಂದು ಕುಣಿದೆ. ಗೆದ್ದದ್ದು ಏನನ್ನು ಎಂಬುದು ಈಗ ಕಾಣುತ್ತಿದೆ.

ಇದರ ಜೊತೆ ತಿದ್ದುಪಡಿಯ ಪತ್ರವಿದೆ. ಸಹಿಯಿಲ್ಲದೆ ಲೇಖನ ಅಚ್ಚುಹಾಕಿದ ಪತ್ರಿಕೆಯವರು ಒಪ್ಪುವುದಿಲ್ಲ, ಇಬ್ಬರದೂ ಬೇಕು. ಬರಿಯ ತಿದ್ದುಪಡಿ ಸಾಕೋ, ಲೇಖನವನ್ನೇ ಹಿಂತೆಗೆಯಬೇಕೋ ಎಂದು ಅವರು ತೀರ್ಮಾನಿಸುತ್ತಾರೆ. ಹಿಂತೆಗೆದರೆ ನನ್ನ ಉಲ್ಲೇಖಗಳು ಅರ್ಧಕ್ಕಿಳಿಯುತ್ತವೆ, ಸೂಚ್ಯಂಕ ಮಾತ್ರ ಇಪ್ಪತ್ತೇಳರಿಂದ ಇಪ್ಪತ್ತಾರು. ಹನ್ನೊಂದು ವರ್ಷದ ಮಾನ ಹೋದರೂ ಒಂದೇ ಅಂಕ ಕಳೆಯುವ ಈ ಲೆಕ್ಕ ಕಂಡುಹಿಡಿದವರಿಗೆ ನನ್ನ ನಮಸ್ಕಾರ. ಆದರೆ ಸಂದರ್ಶನದಲ್ಲಿ ಕೂರುವವರು ಮೊದಲು ಕೇಳುವುದು ಇಲಿಗಳ ಬಗ್ಗೆಯೇ. ನಿರ್ದೇಶಕರ ಕೋಣೆಯ ಕಿಟಕಿಯಿಂದ ಮರಗಳು ಕಾಣುತ್ತವಂತೆ. ನಾನು ನೋಡುವ ಸಂಭವ ಕಡಿಮೆ.

ಇವತ್ತು ಬೆಳಿಗ್ಗೆ ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಬಾಗಿಲು ಹಾಕಿಕೊಂಡು ಬಂದರು. ಇಪ್ಪತ್ತಾರನೇ ತಾರೀಖು ಕಳೀಲಿ ಬಿಡಿ, ಹನ್ನೊಂದು ವರ್ಷ ಬಲಕ್ಕಿದ್ದ ನೆನಪು ಇನ್ನು ಹದಿನೇಳು ದಿನ ಬಲಕ್ಕೇ ಇದ್ದರೆ ಯಾವ ಇಲಿ ದಾರಿ ತಪ್ಪತ್ತೆ ಎಂದರು. ಮಾತು ಚೆನ್ನಾಗಿತ್ತು, ನಗು ಬಂತು. ಇಡೀ ಮಧ್ಯಾಹ್ನ ಅದನ್ನೇ ಚಪ್ಪರಿಸಿದೆ. ಹದಿನೇಳು ದಿನ ಕಾದರೆ ಕಾಗದದ ಮೇಲೆ ಯಾರಿಗೂ ನಷ್ಟವಿಲ್ಲ. ಆದರೆ ನಿರ್ದೇಶಕಿಯಾದ ಮಾರನೇ ದಿನ ಸತ್ಯ ಹೇಳುವವಳ ಹತ್ತಿರ ಆ ಹುಡುಗಿ ಯಾವ ಸತ್ಯವನ್ನು ನಂಬಬೇಕು? ಅಲ್ಲದೆ ಕುರ್ಚಿ ಸಿಕ್ಕಿದ ಮೇಲೆ ಕಾಯಲು ಇನ್ನೊಂದು ಇಪ್ಪತ್ತಾರನೇ ತಾರೀಖು ಸಿಗುತ್ತದೆ, ನನ್ನನ್ನು ನಾನು ಬಲ್ಲೆ.

ಆದ್ದರಿಂದ ಸಹಿ ಹಾಕಿ ಈ ವಾರವೇ ಕಳಿಸಿ. ನಿಮಗೆ ಇದರಿಂದ ಆಗುವ ಅವಮಾನದಲ್ಲಿ ನನ್ನ ಪಾಲು ದೊಡ್ಡದು ಎಂದು ಪತ್ರದಲ್ಲೇ ಬರೆದಿದ್ದೇನೆ. ತಪ್ಪು ನಿಮ್ಮ ತೂತಿನದಲ್ಲ, ನಾನದನ್ನು ಓದಿದ ರೀತಿಯದು. ಒಪ್ಪಿಗೆಯಿಲ್ಲದಿದ್ದರೆ ಫೋನ್ ಮಾಡಿ ಬೈಯಿರಿ. ಚೀಟಿ ಬೇಡ.

ಇಂತಿ,
ಸದ್ಯಕ್ಕೆ ಇನ್ನೂ ಮೊದಲನೇ ಲೇಖಕಿ

ಮರೆತಿದ್ದು: ಮೇಲೆ ‘ಕಳೆದ ವಾರ’ ಎಂದು ಬರೆದಿದ್ದೇನೆ. ಆಗ ಓದಿದ್ದು ಆ ಹುಡುಗಿಯ ಮೂರನೇ ಪತ್ರ. ಮೊದಲನೆಯದಕ್ಕೆ ನಾನು, ಕೈ ಪಳಗಲು ಕಾಲ ಬೇಕು, ಮತ್ತೆ ಮಾಡಿ ನೋಡಿ ಎಂದು ಎರಡು ಸಾಲು ಬರೆದೆ. ಎರಡನೆಯದು ಬಂದಾಗಲೇ ಕಪಾಟು ತೆಗೆದು ನಿಮ್ಮ ನೋಟುಬುಕ್ಕು ನೋಡಿದ್ದೆ, ನೋಡಿ ಮುಚ್ಚಿಟ್ಟೆ. ಇವತ್ತು ಸಂಜೆ, ನಿಮಗಿಂತ ಮೊದಲು ಅವಳಿಗೆ ಬರೆದು, ನಿನ್ನ ಕೈ ಸರಿಯಾಗಿದೆ ಎಂದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಥ್ಯಾಂಕ್ಸ್ ಇರಲಿಲ್ಲ. ನಿಮಗಿದು ಗೊತ್ತಾಗಿದ್ದು ಯಾವಾಗ ಮೇಡಂ ಎಂದು ಕೇಳಿದ್ದಳು. ನಿಮಗೆ ಬರೆದ ಸುಳ್ಳು ಅವಳಿಗೆ ಬರೆಯಲು ಬೆರಳು ಏಳಲಿಲ್ಲ. ಹದಿನೆಂಟು ತಿಂಗಳಾಯಿತು ಎಂದು ಬರೆದೆ.