ಇಂಜಿನ್ ನಿಲ್ಲುವ ಮೊದಲು

ಅಕ್ಕಾ,

ಅಕ್ಷರ ಕುಣಿಯುತ್ತಿದ್ದರೆ ಬೈಯಬೇಡ. ಅಪ್ಪನ ಮನೆಗಾಡಿಯೊಳಗೆ, ಅದೇ ಹಳೇ ವ್ಯಾನಿನಲ್ಲಿ, ಒಲೆ ಪಕ್ಕದ ಮಡಚುವ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಒಂಬತ್ತು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಇಂಜಿನ್ ಈಗ ಓಡುತ್ತಿದೆ.

ನಾಲ್ಕು ದಿನ ಪಟ್ಟ ಪಾಡು ಅಷ್ಟಿಷ್ಟಲ್ಲ. ಹೊಸ ಬ್ಯಾಟರಿ ಹಾಕಿ, ಹಳೇ ಡೀಸೆಲ್ ಬಸಿದರೂ ಬರೀ ಕೆಮ್ಮುತ್ತಿತ್ತು. ಬೆಳಿಗ್ಗೆ ಮೆಕ್ಯಾನಿಕ್, “ಇದಕ್ಕೆ ಉಸಿರೇ ಸಿಗ್ತಿಲ್ಲ, ಗಾಳಿ ಪೈಪಿಗೆ ಏನಾದ್ರೂ ತುರುಕಿದ್ರಾ?” ಎಂದ. ಆಗ ನೆನಪಾಯಿತು. ಗಾಡಿ ನಿಲ್ಲಿಸಿದ ದಿನ, ಇಲಿ ನುಗ್ಗದಿರಲೆಂದು ಕೈಗೆ ಸಿಕ್ಕ ಬಟ್ಟೆ ತುರುಕಿದವಳು ನಾನೇ. ಎಳೆದು ನೋಡಿದರೆ, ಅಮ್ಮ ಕೊನೆಯದಾಗಿ ನಿನಗೆ ಹೆಣೆದ ನೀಲಿ ಸ್ವೆಟರ್.

ಅಂದು ನೀನು ಹುಡುಕಿ ಕೇಳಿದಾಗ, ಅದನ್ನು ಮುಟ್ಟೇ ಇಲ್ಲವೆಂದು ಅಮ್ಮನ ಫೋಟೋ ಮುಟ್ಟಿ ಆಣೆ ಮಾಡಿದ್ದೆ. ನೀನು “ಕಳ್ಳಿ” ಎಂದು ಹೊರಟಾಗ, ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದವಳೂ ನಾನೇ.

ಸ್ವೆಟರನ್ನು ಮೆಕ್ಯಾನಿಕ್ ಕೈಯಲ್ಲಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಒಗೆದಿಲ್ಲ. ಇಂಜಿನ್ ಬಿಟ್ಟು ಏಳಲು ಧೈರ್ಯವಿಲ್ಲ. ನಿಂತರೆ ಮತ್ತೆ ಸ್ಟಾರ್ಟ್ ಆಗುತ್ತದೋ ಇಲ್ಲವೋ.

ಅಪ್ಪ ಆಗಲೇ ಟೋಪಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದಾರೆ. ಮುಂದಿನ ಸೀಟಿಗೆ ಬನ್ನಿ ಎಂದರೆ, “ಅದು ದೊಡ್ಡವಳ ಜಾಗ” ಅಂತಾರೆ.

ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿ. ಸಂಜೆಯವರೆಗೆ ಡೀಸೆಲ್ ಇದೆ.

ನಿನ್ನ ತಂಗಿ