ನೀನು ಕತ್ತರಿಸಿದ ಕೆಮ್ಮು

ಮುರಳಿಮೋಹನ್,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಮೂರು ತಿಂಗಳ ಕೂಸು ಮಡಿಲಲ್ಲಿದೆ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಸಿಟ್ಟಿಗಷ್ಟೇ ಅಲ್ಲ, ನಿದ್ದೆಗೆಟ್ಟದ್ದಕ್ಕೂ.

ನೀನು ನಡೆಸುವ ಹಳೇ ರೇಡಿಯೋ ಕಾರ್ಯಕ್ರಮಗಳ ವೆಬ್‌ಸೈಟಿನಿಂದ ನಿನ್ನೆ ಒಂದು ಲಾಲಿ ಇಳಿಸಿಕೊಂಡೆ. ‘ಹಾಡಿದವರು: ಅಜ್ಞಾತ ಮಹಿಳೆ. ಗದ್ದಲ ತೆಗೆದು ಶುದ್ಧಗೊಳಿಸಿದ ಪ್ರತಿ’ ಎಂದು ಬರೆದಿದ್ದೀಯ. ಅಜ್ಞಾತವೇ? ಚಿಂತಾಮಣಿ ಕಾಲೇಜಿನಲ್ಲಿದ್ದ ಮೂರು ವರ್ಷವೂ ಮೇಲೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಆ ಅಜ್ಞಾತ ಮಹಿಳೆಯ ಕೈಯ ಮುದ್ದೆ ಉಂಡವನು ನೀನು. “ಇನ್ನೊಂದ್ ಹಾಕ್ಸ್ಕೊಳಪ್ಪ, ಹೊಟ್ಟೆಗೆ ನಾಚ್ಕೋಬ್ಯಾಡ” ಅನ್ನುತ್ತಿದ್ದಳಲ್ಲ ನಮ್ಮಮ್ಮ, ಅದೇ ದನಿ.

ರೇಷ್ಮೆ ನೂಲು ಬಿಚ್ಚುವ ಹೆಂಗಸರ ಹಾಡು ಹಿಡಿಯಲು ರೇಡಿಯೋದವರು ಊರಿಗೆ ಬಂದಿದ್ದರು. ಪ್ರಸಾರವಾದ ದಿನ ಅಪ್ಪ ಅದನ್ನು ಕ್ಯಾಸೆಟ್ಟಿಗೆ ತುಂಬಿಕೊಂಡ. ನಮ್ಮಲ್ಲಿದ್ದದ್ದು ಅದೊಂದೇ. “ಕಂಪ್ಯೂಟರ್‌ಗೆ ಹಾಕಿ ಕೊಡ್ತೀನಿ ಕಣೇ” ಎಂದು ನೀನು ಒಯ್ದೆ. ಆಮೇಲೆ ಕೇಳಿದಾಗಲೆಲ್ಲ ಕಳೆದುಹೋಯಿತು ಎಂದೆ. ಹೋದ ವರ್ಷ ಅಮ್ಮ ತೀರಿಕೊಂಡಾಗಲೂ ಅದನ್ನೇ ಹೇಳಿದೆ.

ನನ್ನ ಗಂಡ ಕೆಂಪರಾಜು, “ಇಂಥಾ ಸೈಟಿಂದ ಇಳಿಸ್ಕೊಳ್ಳೋದೂ ಕದ್ದ ಮಾಲು ತಂದಂಗೇ” ಅಂದರು. ಅಮ್ಮನ ದನಿಯನ್ನು ಮಗಳು ಕದಿಯುವುದು ಹೇಗೆ? ನಿನಗೆ ಮೆಸೇಜ್ ಮಾಡಿದರೆ, “ರೇಡಿಯೋದ್ದು ಅಂದ್ಮೇಲೆ ಎಲ್ಲಾರ್ದೂ ಕಣೇ. ನಿಮ್ಮಮ್ಮಂಗೇನು ಕಾಪಿರೈಟ್ ಇತ್ತಾ?” ಎಂದೆ. ಇರಲಿಲ್ಲಪ್ಪ. ಹೆಸರಿತ್ತು.

ಹಾಡಿನ ನಡುವೆ ಅವಳು ಕೆಮ್ಮಿದ್ದಳು. ರೇಷ್ಮೆಗೂಡು ಬೇಯಿಸುವ ನೀರಿನ ಆವಿ ಕುಡಿದು ಕುಡಿದು ಬಂದ ಕೆಮ್ಮು ಅದು. ಕೊನೆಗೆ ಅವಳನ್ನು ಒಯ್ದದ್ದೂ ಅದೇ. ಈಗ ಮಗು ಸಣ್ಣಗೆ ಕೆಮ್ಮಿದರೂ ಎದ್ದು ಕೂತು ಅದರ ಉಸಿರು ಕೇಳುತ್ತೇನೆ. ಹಾಡಿನಲ್ಲಿ ಕೆಮ್ಮಿದ ಮೇಲೆ ಅಮ್ಮ ಪದ ಮರೆತು, ಮಲಗು ಕಂದಾ ಅನ್ನುವುದನ್ನು ತೆಲುಗಿನಲ್ಲಿ “ಪಡುಕೋ ನಾಯನಾ” ಎಂದು ನಕ್ಕು ಮುಂದುವರಿಸಿದ್ದಳು. ಹಾಡು ಮುಗಿದಾಗ ರೇಡಿಯೋದವರು ಅವಳ ಹೆಸರು, ಊರು ಹೇಳಿದ್ದರು. ಇವೆಲ್ಲ ನಿನಗೆ ಗದ್ದಲ. ಕತ್ತರಿಸಿ ಎಸೆದೆ.

ನಿನ್ನ ಶುದ್ಧ ಪ್ರತಿಗೆ ನನ್ನ ಮಗಳು ಮಲಗಲಿಲ್ಲ. ಕೆಮ್ಮು ಬರಬೇಕಾದ ಜಾಗದಲ್ಲಿ ನಾನೇ ಕೆಮ್ಮಿ, “ಪಡುಕೋ ನಾಯನಾ” ಎಂದೆ. ಆಗಲೂ ಮಲಗಲಿಲ್ಲ, ಬೊಚ್ಚುಬಾಯಲ್ಲಿ ನಕ್ಕಳು.

ಹಾಡನ್ನು ತೆಗೆಯಬೇಡ. ನೀನು ಇಟ್ಟಿರದಿದ್ದರೆ ನನಗೂ ಸಿಗುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳುವಾಗ ಮೈಯೆಲ್ಲ ಉರಿಯುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಲಿ, ಯಾರ ಮಗುವಾದರೂ ಮಲಗಲಿ. ಆದರೆ ಕತ್ತರಿಸಿದ್ದನ್ನು ಮರಳಿ ಸೇರಿಸು. ಕ್ಯಾಸೆಟ್ ಕಳಿಸು. ‘ಅಜ್ಞಾತ’ ಎಂದಿರುವಲ್ಲಿ ಏನು ಬರೆಯಬೇಕೆಂಬುದು ಈ ಕಾಗದದ ಕೊನೆಯಲ್ಲಿದೆ. ನಕಲು ಮಾಡುವುದು ನಿನಗೆ ಬರುತ್ತದೆ.

ನಿನಗೂ ಮಕ್ಕಳಾಗಲಿ. ನೀನಿಲ್ಲದ ಕಾಲಕ್ಕೆ ನಿನ್ನ ಕೆಮ್ಮನ್ನು ಅವರು ಗುರುತು ಹಿಡಿಯಲಿ.

ಇತಿ,
ಮೇಲೂರಿನ ಮುನಿಶಾಮಮ್ಮನ ಮಗಳು
ಸಂಘಮಿತ್ರ